ನೀರಿಗೆ ಪಹಣಿ ಇಲ್ಲ: ಬಂದರು ಯೋಜನೆಯ ಅಹವಾಲು ಸಭೆಗಾಗಿ ನಾವು ಓಡಾಡಿದ ಹನ್ನೊಂದು ತಿಂಗಳು

ಹೋದ ವಾರ ಪೋಸ್ಟ್‌ಮ್ಯಾನ್ ಒಂದು ದಪ್ಪ ಲಕೋಟೆ ತಂದುಕೊಟ್ಟರು. ನಮ್ಮೂರಿಗೆ ಬರಲಿದೆ ಅನ್ನುವ ಬಂದರಿನ ಬಗ್ಗೆ ಜನರ ಮಾತು ಕೇಳಲು ನಡೆದ ಅಹವಾಲು ಸಭೆಯ ನಡಾವಳಿಯ ದೃಢೀಕೃತ ಪ್ರತಿ. ನಾನು ನೇರ ಹಿಂದಿನ ಪುಟಗಳಿಗೆ ಹೋದೆ. ನಾವು ಬಿಡಿಸಿದ ನಕ್ಷೆ ಅಲ್ಲಿತ್ತು. ಕಪ್ಪು ಬಿಳುಪು ಜೆರಾಕ್ಸ್, ಬಲಗಡೆ ಅಂಚು ಸ್ವಲ್ಪ ಕತ್ತರಿಸಿ ಹೋಗಿದೆ. ಆದರೆ ಇದೆ. ಹನ್ನೊಂದು ತಿಂಗಳು ಓಡಾಡಿದ್ದು ಈ ಒಂದು ಹಾಳೆಗಾಗಿ.

ಈಗ ಕರಾವಳಿಯ ಬೇರೆ ಊರುಗಳಿಂದ ಫೋನ್ ಬರುತ್ತಿವೆ. ‘ನಮ್ಮಲ್ಲೂ ನೋಟಿಸ್ ಬಂದಿದೆ, ಏನು ಮಾಡೋದು?’ ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ. ವಿಷಯ ಇನ್ನೂ ದಿಲ್ಲಿಯಲ್ಲಿ ಬಾಕಿ ಇದೆ. ಹಾಗಾಗಿ ಊರಿನ, ಕಂಪನಿಯ, ಕಚೇರಿಗಳ ಹೆಸರು ಹಾಕಿಲ್ಲ.

ನಮ್ಮೂರು ಉತ್ತರ ಕನ್ನಡದಲ್ಲಿ, ಹೊಳೆ ಕಡಲು ಸೇರುವ ಒಂದು ಅಳಿವೆಯ ಬದಿಗಿದೆ. ಗಂಡಸರದ್ದು ಪಾತಿ ದೋಣಿ, ಬೀಸುಬಲೆ, ಏಂಡಿ ಬಲೆ. ಹೆಂಗಸರು ಇಳಿತದ ಹೊತ್ತಿಗೆ ಹೊಳೆಗೆ ಇಳಿದು ಬಳಚು, ಅಂದರೆ ತಿನ್ನುವ ಚಿಪ್ಪುಜೀವಿ, ಹೆಕ್ಕುತ್ತಾರೆ. ನನ್ನ ಅವ್ವಿ ನಲವತ್ತು ವರ್ಷದಿಂದ ಅದನ್ನೇ ಮಾಡಿ ನಮ್ಮನ್ನು ಓದಿಸಿದ್ದು. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಚೆನ್ನಾಗಿ ಇಳಿಯುತ್ತದೆ. ಆಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಆ ಹಗ್ಗದ ತುದಿಗೆ ಅಲ್ಯೂಮಿನಿಯಂ ಪಾತ್ರೆ ತೇಲಿಬಿಟ್ಟು, ಎದೆಮಟ್ಟದ ನೀರಲ್ಲಿ ನಡೆಯುತ್ತಾರೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಎಲ್ಲ ಪಾದಕ್ಕೇ ಗೊತ್ತಾಗಬೇಕು.

ಕಳೆದ ನವೆಂಬರಿನಲ್ಲಿ ಒಂದು ದಿನ ಅವ್ವಿ ಬೇಗ ವಾಪಸ್ ಬಂದರು. ಬಳಚಿನ ಜಾಗದಲ್ಲಿ ಯಾರೋ ಕಂಬ ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದಾರೆ ಅಂದರು. ಪಂಚಾಯ್ತಿಯಲ್ಲಿ ಕೇಳಿದರೆ ಗೊತ್ತಿಲ್ಲ ಅಂದರು. ನಮಗೆ ಮೊದಲ ಸುದ್ದಿ ಬಂದದ್ದು ಹೀಗೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಕಾರವಾರದ ಸೀಬರ್ಡ್ ನೌಕಾನೆಲೆ ನಮ್ಮ ಕಡೆಯವರಿಗೆ ಹಳೇ ಗಾಯ. 1986ರಲ್ಲಿ ಶಂಕುಸ್ಥಾಪನೆ, 2005ರಲ್ಲಿ ನೆಲೆ ಕಾರ್ಯಾರಂಭ. ನಡುವೆ ಕಾರವಾರ, ಅಂಕೋಲಾ ತಾಲೂಕಿನ ಸಾವಿರಾರು ಕುಟುಂಬಗಳು ಎದ್ದು ಹೋದವು. ಮನೆ ಹೋದವರಿಗೆ ಪರಿಹಾರದ ಲೆಕ್ಕ ಅಂತ ಒಂದಾದರೂ ಇತ್ತು. ಬಲೆ ಎಳೆಯುವ ಕಡಲ ದಂಡೆ ಹೋದರೆ ಯಾವ ಲೆಕ್ಕಕ್ಕೆ ಬರೆಯುತ್ತಾರೆ?

ಡಿಸೆಂಬರಿನಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ, ಏನು ಯೋಜನೆ, ಯಾರದ್ದು, ಯಾವ ಸರ್ವೆ ನಂಬರ್, ಮೀನಿನ ಬಗ್ಗೆ ಏನು ಅಧ್ಯಯನ ಅಂತ ಎರಡು ಪುಟ ಬರೆದಿದ್ದೆ. ಇಪ್ಪತ್ತೈದು ದಿನ ಬಿಟ್ಟು ಅರ್ಜಿಯೇ ವಾಪಸ್ ಬಂತು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, ಅದೂ 150 ಪದದ ಒಳಗೆ. ನನಗೆ ಗೊತ್ತಿರಲಿಲ್ಲ. ನೀವು ಈ ತಪ್ಪು ಮಾಡಬೇಡಿ. ಕೇಳಬೇಕಾದ್ದು ನಾಲ್ಕಿದ್ದರೆ ನಾಲ್ಕು ಅರ್ಜಿ ಹಾಕಿ. ಹೆಚ್ಚಿಗೆ ಆಗೋದು ಮೂವತ್ತು ರೂಪಾಯಿ, ಉಳಿಯೋದು ಒಂದು ತಿಂಗಳು.

ಇನ್ನೂ ಬೇಜಾರಾಗಿದ್ದು ಆಮೇಲೆ. ಯೋಜನೆಯ ಮೊದಲ ಅರ್ಜಿ, ಜಾಗದ ನಕ್ಷೆ, ಅಧ್ಯಯನಕ್ಕೆ ಕೊಟ್ಟ ಷರತ್ತುಗಳ ಪತ್ರ ಎಲ್ಲವೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಮೊದಲೇ ಇದ್ದವು. ರಾಜ್ಯ, ಜಿಲ್ಲೆ ಹಾಕಿ ಹುಡುಕಿದರೆ ಸಿಗುತ್ತವೆ. ದುಡ್ಡು ಕೊಡಬೇಕಿಲ್ಲ. ಮೊದಲು ಅಲ್ಲಿ ನೋಡಿ, ಅಲ್ಲಿ ಸಿಗದ್ದಕ್ಕೆ ಮಾತ್ರ ಮಾಹಿತಿ ಹಕ್ಕು ಬಳಸಿ.

ಅಲ್ಲಿ ಇಲ್ಲದ್ದು ನಮ್ಮೂರಿನ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆ. ಅದಕ್ಕೆ ಹೊಸ ಅರ್ಜಿ ಹಾಕಿದೆ. ‘ಲಭ್ಯವಿಲ್ಲ’ ಅಂತ ಹಿಂಬರಹ ಬಂತು. ಮೊದಲ ಮೇಲ್ಮನವಿ ಹಾಕಿದ ಮೇಲೆ ಅದೇ ನಕ್ಷೆ ಸಿಕ್ಕಿತು. ಹಿಂಬರಹ ಬಂದ 30 ದಿನದ ಒಳಗೆ ಮೇಲ್ಮನವಿ ಹಾಕಬೇಕು, ಮರೆಯಬೇಡಿ.

ಆ ನಕ್ಷೆಯನ್ನು ಅಡುಗೆಮನೆಯ ನೆಲದಲ್ಲಿ ಹಾಸಿ ನೋಡಿದೆವು. ರಸ್ತೆ ಇತ್ತು, ಶಾಲೆ ಇತ್ತು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿಗೆ ಹಸಿರು ಬಳಿದಿದ್ದರು. ಮೀನು ಒಣಗಿಸುವ ಬಯಲು ಖಾಲಿ ಜಾಗ. ದೋಣಿ ಎಳೆದಿಡುವ ದಂಡೆ ಖಾಲಿ. ಬಳಚು ಹೆಕ್ಕುವ ಹೊಳೆ ಬರೀ ನೀಲಿ ಬಣ್ಣ. ಅವ್ವಿ ಬಗ್ಗಿ ನೋಡಿ, ‘ನಾವು ಎಲ್ಲಿದ್ದೇವೆ ಇದರಲ್ಲಿ?’ ಅಂತ ಕೇಳಿದರು. ಉತ್ತರ ಹೇಳಲು ಆಗಲಿಲ್ಲ. ಮೀನುಗಾರರ ಊರು, ಅವರ ಸಾಮೂಹಿಕ ಜಾಗ, ಮೀನು ಒಣಗಿಸುವ ಕಟ್ಟೆ ಇವನ್ನೆಲ್ಲ ನಕ್ಷೆಯಲ್ಲಿ ತೋರಿಸಬೇಕು ಅಂತ ಸಿಆರ್‌ಝಡ್ ಅಧಿಸೂಚನೆಯಲ್ಲೇ ಬರೆದಿದೆ. ಬರೆದದ್ದು ನಮ್ಮೂರಿಗೆ ಬಂದಿರಲಿಲ್ಲ.

ಒಂದು ಮಾತು ಆಗ ಗಟ್ಟಿಯಾಯಿತು. ಗದ್ದೆಗೆ ಪಹಣಿ ಇದೆ, ನೀರಿಗೆ ಇಲ್ಲ. ಕಾಗದದಲ್ಲಿ ಇಲ್ಲದ ಮೀನುಗಾರಿಕೆಯನ್ನು ‘ಇಲ್ಲ’ ಅಂತ ಬರೆಯುವುದು ಬಹಳ ಸುಲಭ. ಹಾಗಾಗಿ ಅವರು ಬರೆಯುವ ಮೊದಲು ನಾವೇ ಬರೆಯಬೇಕು.

ಸಿಯಾಟಲ್‌ನಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗನೊಬ್ಬ ಆ ಹೊತ್ತಿಗೆ ಒಂದು ವಿಷಯ ಹೇಳಿದ. ಅವನಿರುವ ವಾಷಿಂಗ್ಟನ್ ರಾಜ್ಯದಲ್ಲಿ ಲಮ್ಮಿ ಅನ್ನುವ ಮೂಲನಿವಾಸಿಗಳಿದ್ದಾರೆ, ಮೀನು ಹಿಡಿಯುವವರು. ಅವರ ಕಡಲಲ್ಲಿ ಚೆರಿ ಪಾಯಿಂಟ್ ಅಂತ ಒಂದು ಜಾಗ. ಹೆರಿಂಗ್ ಮೀನು ಮೊಟ್ಟೆ ಇಡುವ ತೀರ. ಪಕ್ಕದಲ್ಲಿ ಮೊದಲೇ ತೈಲ ಸಂಸ್ಕರಣಾಗಾರಗಳು ಬಂದಿದ್ದವು, ಹೆರಿಂಗ್ 1970ರ ದಶಕದಿಂದ ಈಚೆ ತುಂಬಾ ಇಳಿದುಹೋಗಿತ್ತು. ಅಲ್ಲಿ ಕಲ್ಲಿದ್ದಲು ಸಾಗಿಸುವ ದೊಡ್ಡ ಬಂದರು ಕಟ್ಟಲು ಹೊರಟಾಗ ಲಮ್ಮಿಗಳು 1855ರ ಒಪ್ಪಂದ ಮುಂದಿಟ್ಟರು. ತಾವು ರೂಢಿಯಿಂದ ಮೀನು ಹಿಡಿಯುತ್ತಿದ್ದ ಜಾಗಗಳಲ್ಲಿ ಹಿಡಿಯುವ ಹಕ್ಕು ಅದರಲ್ಲಿ ಉಳಿದಿತ್ತು. 1974ರಲ್ಲಿ ನ್ಯಾಯಾಲಯವೂ ಆ ಹಕ್ಕನ್ನು ಎತ್ತಿಹಿಡಿದಿತ್ತು. ಮೇ 2016ರಲ್ಲಿ ಅಮೆರಿಕದ ಸೇನೆಯ ಎಂಜಿನಿಯರ್ ವಿಭಾಗ ಆ ಬಂದರಿಗೆ ಅನುಮತಿ ಕೊಡಲಿಲ್ಲ. ಮೀನು ಹಿಡಿಯುವ ಹಕ್ಕಿಗೆ ಧಕ್ಕೆ ಆಗುತ್ತದೆ ಅನ್ನುವುದೇ ಕಾರಣ.

ನಮ್ಮ ಹತ್ತಿರ ಅಂಥ ಒಪ್ಪಂದ ಇಲ್ಲ. ಆದರೂ ಹುಡುಕಿದೆವು. ಕಾಂಡ್ಲಾ ಕಾಡು ನಮ್ಮಲ್ಲಿ ಅರಣ್ಯ ಇಲಾಖೆಯ ಜಾಗ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಮುದಾಯದ ಹಕ್ಕುಗಳ ಪಟ್ಟಿಯಲ್ಲಿ ಮೀನು ಮತ್ತು ನೀರಿನ ಇತರ ಉತ್ಪನ್ನಗಳೂ ಇವೆ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಪರಿಶಿಷ್ಟ ಪಂಗಡದವರಾದರೆ ದಾರಿ ಸ್ವಲ್ಪ ಸಲೀಸು. ನಮ್ಮ ಜೊತೆ ಬಳಚು ಹೆಕ್ಕುವವರಲ್ಲಿ ಹಾಲಕ್ಕಿ ಒಕ್ಕಲಿಗ ಹೆಂಗಸರು ಜಾಸ್ತಿ. ಅವರನ್ನು ಪಂಗಡಕ್ಕೆ ಸೇರಿಸಬೇಕು ಅನ್ನುವ ಬೇಡಿಕೆ ಎಷ್ಟೋ ವರ್ಷದ್ದು, ಇನ್ನೂ ಆಗಿಲ್ಲ. ಹಾಗಾಗಿ ಎಲ್ಲರೂ ‘ಇತರ ಪಾರಂಪರಿಕ ಅರಣ್ಯವಾಸಿಗಳು’ ಅಂತಲೇ ಹೋಗಬೇಕು. 2005ರ ಡಿಸೆಂಬರಿಗೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದದ್ದಕ್ಕೆ ಸಾಕ್ಷಿ ಬೇಕು. ಅಜ್ಜನ ಕಾಲದ ಕಾಗದ ಮೀನುಗಾರರ ಮನೆಯಲ್ಲಿ ಎಲ್ಲಿಂದ ಬರಬೇಕು? ಸರ್ಕಾರಿ ಗೆಜೆಟಿಯರ್ ಕೂಡ ಸಾಕ್ಷಿಯಾಗಿ ನಡೆಯುತ್ತದೆ, ಹಿರಿಯರ ಹೇಳಿಕೆಯೂ ನಡೆಯುತ್ತದೆ. ಜಿಲ್ಲೆ ಬೊಂಬಾಯಿ ಪ್ರಾಂತ್ಯದಲ್ಲಿದ್ದಾಗ 1883ರಲ್ಲಿ ಬಂದ ಕೆನರಾ ಗೆಜೆಟಿಯರ್‌ನಲ್ಲಿ ನಮ್ಮ ಮೀನುಗಾರ ಜಾತಿಗಳ ವಿವರ ಇದೆ. ಆ ಪುಟಗಳ ಪ್ರತಿ, ಇಬ್ಬರು ಹಿರಿಯರ ಹೇಳಿಕೆ ಸೇರಿಸಿ ನಮೂನೆ ‘ಬಿ’ ತುಂಬಿ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಕೊಟ್ಟಿದ್ದೇವೆ. ಇನ್ನೂ ಉತ್ತರ ಇಲ್ಲ. ಆದರೆ ಸ್ವೀಕೃತಿ ಇದೆ.

ಫೆಬ್ರವರಿ, ಮಾರ್ಚ್ ಎರಡು ತಿಂಗಳು ನಕ್ಷೆ ಮಾಡಿದೆವು. ಇಷ್ಟು ದಿನದಲ್ಲಿ ನನಗೆ ಖುಷಿ ಕೊಟ್ಟ ಕೆಲಸ ಇದೊಂದೇ. ದೋಣಿಯಲ್ಲಿ ನನ್ನ ಸೋದರಮಾವ ಮುಂದೆ ಕೂರುತ್ತಿದ್ದರು, ನಾನು ಫೋನ್ ಹಿಡಿದು ಹಿಂದೆ. ಮಾಮ ನೀರು ನೋಡುವುದೇ ಇಲ್ಲ, ದಡ ನೋಡುತ್ತಾರೆ. ಗುಡ್ಡದ ಸೀಳು ಮತ್ತು ದೇವಸ್ಥಾನದ ಹಿಂದಿನ ಹೊನ್ನೆ ಮರ ಒಂದೇ ಗೆರೆಗೆ ಬಂತು ಅಂದರೆ ಕೆಳಗೆ ಮೀನು ಕೂಡುವ ಕಲ್ಲಿದೆ. ಇನ್ನೊಂದು ಕಡೆ ತೆಂಗಿನ ಸಾಲಿನ ತುದಿ ಮತ್ತು ನೀರಿನ ಟ್ಯಾಂಕ್ ಕೂಡಬೇಕು. ಎರಡು ಗೆರೆ ಸೇರಿದ ಜಾಗದಲ್ಲಿ ಹುಟ್ಟು ಎತ್ತಿ, ‘ತಂಗೀ, ಈಗ ಒತ್ತು’ ಅನ್ನುತ್ತಿದ್ದರು. ನಾನು ಬಟನ್ ಒತ್ತುತ್ತಿದ್ದೆ. ಅಕ್ಷಾಂಶ, ರೇಖಾಂಶ ಬರುತ್ತಿತ್ತು. ಮರುದಿನ ಬೇರೆ ಹೊತ್ತಿನಲ್ಲಿ, ಬೇರೆ ನೀರಿನಲ್ಲಿ ಹೋದರೂ ಅವರು ನಿಲ್ಲಿಸಿದ ಜಾಗ ಹತ್ತು ಹೆಜ್ಜೆ ಆಚೀಚೆ ಆಗುತ್ತಿರಲಿಲ್ಲ.

ಇಲ್ಲಿ ಒಂದು ತೊಡಕು ಬಂತು. ನಾವು ಎಣಿಸಿರಲೇ ಇಲ್ಲ. ಎಷ್ಟೋ ಜನ ಜಾಗ ತೋರಿಸಲು ಒಪ್ಪಲಿಲ್ಲ. ಒಳ್ಳೆ ಕಲ್ಲು ಎಲ್ಲಿದೆ ಅನ್ನುವುದು ಮನೆತನದ ಗುಟ್ಟು. ಕಾಗದಕ್ಕೆ ಹೋದರೆ ಬೇರೆ ಊರಿನವರು ಬರುತ್ತಾರೆ, ನಾಳೆ ಸರ್ಕಾರ ತೆರಿಗೆ ಹಾಕುತ್ತದೆ ಅನ್ನುವ ಹೆದರಿಕೆ. ಆ ಹೆದರಿಕೆ ತಪ್ಪು ಅಂತ ನನಗೆ ಹೇಳಲು ಬಾಯಿ ಬರಲಿಲ್ಲ. ಮೂರು ಸಂಜೆ ಕೂತು ಮಾತಾಡಿದ ಮೇಲೆ ಒಂದು ದಾರಿ ಸಿಕ್ಕಿತು. ಗುಟ್ಟಿನ ಕಲ್ಲುಗಳನ್ನು ಚುಕ್ಕೆಯಾಗಿ ಹಾಕದೆ, ಅಗಲವಾದ ಚೌಕದ ಒಳಗೆ ಸೇರಿಸಿದೆವು. ಚೌಕದಲ್ಲಿ ಮೀನುಗಾರಿಕೆ ಇದೆ ಅಂತ ಗೊತ್ತಾಗುತ್ತದೆ, ಕಲ್ಲು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ನೀವೂ ಹೀಗೇ ಮಾಡಿ.

ಇನ್ನೊಂದು ವಿಷಯ. ಎಂಟನೇ ದಿನ ಫೋನ್ ನೀರಿಗೆ ಬಿತ್ತು. ಎರಡು ದಿನದ ಕೆಲಸ ಹೋಯಿತು. ಆಮೇಲೆ ಪ್ರತಿ ಜಾಗವನ್ನೂ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆದೆವು. ಪೆನ್ನಿನದ್ದು ಒದ್ದೆಯಾದರೆ ಅಳಿಸಿ ಹೋಗುತ್ತದೆ.

ಏಪ್ರಿಲಿನಲ್ಲಿ ಪತ್ರಿಕೆಯಲ್ಲಿ ನೋಟಿಸ್ ಬಂತು. 2006ರ ಇಐಎ (ಪರಿಸರದ ಮೇಲಿನ ಪರಿಣಾಮದ ಅಂದಾಜು) ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯ್ತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಸ್ಥಳೀಯ ಪಂಚಾಯ್ತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗಳಲ್ಲಿ ಇರಬೇಕು. ಕಚೇರಿ ಹೊತ್ತಿನಲ್ಲಿ ಯಾರು ಬೇಕಾದರೂ ನೋಡಬಹುದು. ಕನ್ನಡದಲ್ಲಿ ಇರುವುದು ಸಾರಾಂಶ ಮಾತ್ರ. ಪೂರ್ತಿ ವರದಿ ಇಂಗ್ಲಿಷ್. ಒಂದು ಕಚೇರಿಯಲ್ಲಿ ವರದಿ ಬೀರುವಿನಲ್ಲಿತ್ತು, ಬೀಗದ ಕೈ ಇಟ್ಟುಕೊಂಡವರು ರಜೆ. ಎರಡನೇ ಸಲ ಹೋದಾಗ ಜೆರಾಕ್ಸ್ ಮಾಡಲು ಬಿಡಲಿಲ್ಲ. ಮೂರು ಜನ ಸರದಿಯಲ್ಲಿ ಕೂತು ಪ್ರತಿ ಪುಟದ ಫೋಟೊ ತೆಗೆದೆವು. ಎರಡು ದಿನ ಹಿಡಿಯಿತು. ಚಾರ್ಜರ್ ತೆಗೆದುಕೊಂಡು ಹೋಗಿ.

ಮೀನಿನ ಅಧ್ಯಾಯ ಮೊದಲು ಓದಿ, ಉಳಿದದ್ದು ಆಮೇಲೆ. ನಮ್ಮ ವರದಿಯಲ್ಲಿ ಮೀನಿನ ಸರ್ವೆ ಮಾಡಿದ್ದು ಚಳಿಗಾಲದ ಕೆಲವು ದಿನ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗಲೇ ನಮ್ಮ ನಾಡದೋಣಿಗಳಿಗೆ, ಹೊಳೆಬಾಯಿಯ ಬಲೆಗಳಿಗೆ ಕೆಲಸ. ಆ ತಿಂಗಳುಗಳ ಒಂದು ಸಾಲೂ ವರದಿಯಲ್ಲಿ ಇರಲಿಲ್ಲ. ಬಳಚಿನ ಬಗ್ಗೆ ಒಂದು ಪ್ಯಾರಾ, ಅದೂ ವೈಜ್ಞಾನಿಕ ಹೆಸರು ಮಾತ್ರ. ಅದನ್ನು ಹೆಕ್ಕುವ ಹೆಂಗಸರು ಎಲ್ಲೂ ಇಲ್ಲ. ಅಲೆ ತಡೆಯುವ ಗೋಡೆ ಬಂದರೆ ಅಳಿವೆಯ ಬಾಯಿ ಎತ್ತ ತಿರುಗುತ್ತದೆ, ಮರಳು ಎಲ್ಲಿ ಕೂರುತ್ತದೆ, ಯಾವ ದಂಡೆ ಕೊಚ್ಚಿಹೋಗುತ್ತದೆ ಅನ್ನುವುದಕ್ಕೆ ಕಂಪ್ಯೂಟರಿನ ಚಿತ್ರಗಳಿದ್ದವು. ಆದರೆ ಉಪ್ಪುನೀರು, ಸಿಹಿನೀರು ಬೆರೆಯುವ ಲೆಕ್ಕ ತಪ್ಪಿದರೆ ಕಾಂಡ್ಲಾ ಬೇರಿನ ನಡುವೆ ಬೆಳೆಯುವ ಸಿಗಡಿ ಮರಿ ಏನಾಗುತ್ತದೆ ಅನ್ನುವುದಕ್ಕೆ ಉತ್ತರ ಇರಲಿಲ್ಲ. ಓದುತ್ತಾ ನನಗೆ ಸಿಟ್ಟಿಗಿಂತ ಅಳುವೇ ಹೆಚ್ಚು ಬಂತು.

ಲಿಖಿತ ಆಕ್ಷೇಪಣೆ ಬರೆಯಲು ಹತ್ತು ದಿನ ಬೇಕಾಯಿತು. ‘ನಮ್ಮ ಬದುಕು ಹಾಳಾಗುತ್ತದೆ’ ಅಂತ ಬರೆದರೆ ‘ಗಮನಿಸಲಾಗಿದೆ’ ಅನ್ನುತ್ತಾರೆ, ಮುಗಿಯಿತು. ವರದಿಯ ಪುಟ ಸಂಖ್ಯೆ ಹಾಕಿ, ಅಲ್ಲಿ ಹೀಗಿದೆ, ನಿಜ ಹೀಗಿದೆ, ಸಾಕ್ಷಿ ಇಲ್ಲಿದೆ ಅಂತ ಬರೆಯಿರಿ. ಎರಡು ಪ್ರತಿ ಒಯ್ಯಿರಿ, ಒಂದಕ್ಕೆ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದರೆ ಅವತ್ತೇ ಸ್ಪೀಡ್ ಪೋಸ್ಟ್ ಮಾಡಿ. ಪಂಚಾಯ್ತಿಯ ಠರಾವು ಇದ್ದರೆ ಒಳ್ಳೆಯದು. ನಮಗೆ ಠರಾವು ಆಗಲು ಮೂರು ಸಭೆ ಬೇಕಾಯಿತು. ಊರಲ್ಲಿ ಎಲ್ಲರೂ ಒಂದೇ ಮನಸ್ಸಿನಲ್ಲಿ ಇರಲಿಲ್ಲ. ಕೆಲಸ ಸಿಗುತ್ತದೆ ಅನ್ನುವ ಹುಡುಗರು ನಮ್ಮ ಮನೆಯಲ್ಲೇ ಇದ್ದಾರೆ, ನನ್ನ ತಮ್ಮನೂ ಒಬ್ಬ. ಆ ತಿಂಗಳು ಅವನೂ ನಾನೂ ಸರಿಯಾಗಿ ಮಾತಾಡಲಿಲ್ಲ.

ಸಭೆ ಮೇ ತಿಂಗಳ ಬಿಸಿಲಲ್ಲಿ ನಡೆಯಿತು. ಶಾಮಿಯಾನ, ಬ್ಯಾರಿಕೇಡ್, ಹೆಸರು ಬರೆಯುವ ಪುಸ್ತಕ. ನಾವು ಎಂಟು ಗಂಟೆಗೇ ಹೋಗಿದ್ದೆವು. ಮಾತಾಡುವವರು ಟೋಕನ್ ತೆಗೆದುಕೊಳ್ಳಬೇಕು ಅಂತ ಹತ್ತು ಗಂಟೆಗೆ ಗೊತ್ತಾಯಿತು. ಅಷ್ಟರಲ್ಲಿ ಸಾಲು ಉದ್ದ ಆಗಿತ್ತು. ಕಂಪನಿಯವರ ವಿವರಣೆ ಮುಕ್ಕಾಲು ಗಂಟೆ. ಒಬ್ಬೊಬ್ಬರಿಗೆ ಮೂರು ನಿಮಿಷ. ನಾನು ಪುಟ ಸಂಖ್ಯೆಗಳನ್ನು ಓದುವಷ್ಟರಲ್ಲಿ ಮೂರು ನಿಮಿಷ ಮುಗಿದಿತ್ತು.

ಅವ್ವಿಯ ಸರದಿ ಮಧ್ಯಾಹ್ನ ಎರಡೂವರೆಗೆ ಬಂತು. ಅವರು ಎರಡು ಗಾಜಿನ ಬಾಟಲಿ ತಂದಿದ್ದರು. ಹಾರ್ಲಿಕ್ಸ್ ಬಾಟಲಿಗಳು. ಎರಡರಲ್ಲೂ ಹೊಳೆಯ ನೀರು, ತಳದಲ್ಲಿ ಸ್ವಲ್ಪ ಮರಳು, ಐದಾರು ಬಳಚು. ಒಂದರಲ್ಲಿ ಬಳಚು ಬಾಯಿ ತೆರೆದು, ಹುಲ್ಲಿನ ತುದಿಯಷ್ಟು ಸಣ್ಣ ಎರಡು ಕೊಳವೆ ಹೊರಗೆ ಚಾಚಿದ್ದವು. ಅವ್ವಿ ಎರಡನೇ ಬಾಟಲಿಗೆ ಒಂದು ಮುಷ್ಟಿ ಹೂಳು ಹಾಕಿ ಅಲ್ಲಾಡಿಸಿದರು. ಅದರೊಳಗಿನವು ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡವು. ಎರಡನ್ನೂ ಮೇಜಿನ ಮೇಲೆ ಇಟ್ಟು, ‘ಸಾಯೇಬರೇ, ಇದು ಹೀಗೆ ಒಂದು ದಿನ ಇರ್ತದೆ, ಎರಡು ದಿನ ಇರ್ತದೆ. ನೀವು ಎಷ್ಟು ತಿಂಗಳು ಹೂಳು ತೆಗೀತೀರಿ?’ ಅಂತ ಕೇಳಿದರು. ಮೈಕಿನಿಂದ ಹಿಂದೆ ಸರಿದು ಬಂದು ಕೂತರು. ಅವರ ಕೈ ನಡುಗುತ್ತಿತ್ತು. ಕಂಪನಿಯ ಕಡೆಯವರು ಹೂಳು ಹರಡದಂತೆ ಪರದೆ ಹಾಕುತ್ತೇವೆ ಅಂದರು. ಎಷ್ಟು ತಿಂಗಳು ಅನ್ನುವುದನ್ನು ಹೇಳಲಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ದಯವಿಟ್ಟು ಕೊನೆವರೆಗೂ ಇರಿ. ಸಭೆಯ ಕೊನೆಯಲ್ಲಿ ನಡಾವಳಿಯ ಸಾರಾಂಶವನ್ನು ಜನರಿಗೆ ಅವರ ಭಾಷೆಯಲ್ಲಿ ಓದಿ ಹೇಳಬೇಕು, ಅವತ್ತೇ ಸಹಿ ಆಗಬೇಕು ಅನ್ನುವುದು ನಿಯಮ. ನಮ್ಮಲ್ಲಿ ಓದುವ ಹೊತ್ತಿಗೆ ಸಂಜೆ ಆರೂವರೆ. ನೂರಾರು ಜನ ಇದ್ದಲ್ಲಿ ಇಪ್ಪತ್ತು ಜನ ಉಳಿದಿದ್ದೆವು. ಬೆಳಿಗ್ಗೆಯಿಂದ ಊಟ ಇಲ್ಲ. ‘ಮೀನುಗಾರರು ಸೂಕ್ತ ಪರಿಹಾರಕ್ಕೆ ಒತ್ತಾಯಿಸಿದರು’ ಅಂತ ಓದಿದರು. ನನಗೆ ಎದೆ ಧಸಕ್ ಅಂತು. ಪರಿಹಾರ ಅನ್ನುವ ಪದವನ್ನು ನಮ್ಮಲ್ಲಿ ಯಾರೂ ಆಡಿರಲಿಲ್ಲ. ಎದ್ದು ನಿಂತು ಆಕ್ಷೇಪಿಸಿದೆ. ಉಳಿದವರೂ ಎದ್ದರು. ವಿಡಿಯೊ ತೆಗೆಯುತ್ತಿದ್ದಾರೆ, ಹಿಂದೆ ಹೋಗಿ ನೋಡಿ ಅಂದೆವು. ಕಾಲು ಗಂಟೆ ವಾದ ಆಯಿತು. ಕೊನೆಗೆ ‘ಯೋಜನೆಯನ್ನು ವಿರೋಧಿಸಿದರು, ಮೀನುಗಾರಿಕೆ ಜಾಗಗಳ ನಕ್ಷೆ ಸಲ್ಲಿಸಿದರು’ ಅಂತ ತಿದ್ದಿದರು. ನಾವು ಐದು ಗಂಟೆಯ ಬಸ್ಸಿಗೆ ಹೋಗಿದ್ದರೆ ಇವತ್ತು ಕಾಗದದಲ್ಲಿ ದುಡ್ಡು ಕೇಳಿದವರಾಗಿ ಇರುತ್ತಿದ್ದೆವು.

ಅಷ್ಟಾದರೂ ಜಾಲತಾಣಕ್ಕೆ ಹಾಕಿದ ಪ್ರತಿಯಲ್ಲಿ ನಮ್ಮ ನಕ್ಷೆ ಇರಲಿಲ್ಲ. ಸೀಲು ಇದ್ದ ನಮ್ಮ ಪ್ರತಿ ಆಗ ಕೆಲಸಕ್ಕೆ ಬಂತು. ನಡಾವಳಿಯ ಬಗ್ಗೆ ಯಾರು ಬೇಕಾದರೂ ಅನುಮತಿ ಕೊಡುವ ಪ್ರಾಧಿಕಾರಕ್ಕೆ ನೇರ ಪತ್ರ ಬರೆಯಬಹುದು. ನಾವು ದಿಲ್ಲಿಗೂ ಬರೆದೆವು, ಇಲ್ಲಿಗೂ ಬರೆದೆವು. ಮೂರು ಜ್ಞಾಪನಾ ಪತ್ರ, ಇಡೀ ಮಳೆಗಾಲ. ಹೋದ ವಾರ ಬಂದದ್ದು ಅದರ ಫಲ.

ಖರ್ಚು ಕೇಳುತ್ತೀರಿ. ಅರ್ಜಿ, ಪೋಸ್ಟ್, ಪ್ರಿಂಟ್, ದೋಣಿಯ ಸೀಮೆಎಣ್ಣೆ, ಬಸ್ಸು ಎಲ್ಲ ಸೇರಿ ಹದಿನೆಂಟು ಸಾವಿರ ಚಿಲ್ಲರೆ ಆಯಿತು. ಅದರಲ್ಲಿ ದೊಡ್ಡದು ದೊಡ್ಡ ಅಳತೆಯ ಬಣ್ಣದ ನಕ್ಷೆಯ ಪ್ರಿಂಟ್. ಮನೆಗೆ ಇಷ್ಟು ಅಂತ ಹಾಕಿಕೊಂಡೆವು, ರಶೀದಿ ಇಟ್ಟಿದ್ದೇವೆ. ಬಳಚಿಗೆ ಹೋಗದೆ ಕಳೆದ ದಿನಗಳ ಲೆಕ್ಕ ಇದರಲ್ಲಿ ಸೇರಿಲ್ಲ.

ಮುಂದಿನದು ದಿಲ್ಲಿಯ ತಜ್ಞರ ಸಮಿತಿ. ಅದರ ಸಭೆಯ ಅಜೆಂಡಾ ಪರಿವೇಶ್‌ನಲ್ಲಿ ಬರುತ್ತದೆ. ನಾನು ಪ್ರತಿ ಸೋಮವಾರ ನೋಡುತ್ತೇನೆ. ಅನುಮತಿ ಕೊಟ್ಟುಬಿಟ್ಟರೆ ಹಸಿರು ನ್ಯಾಯಮಂಡಳಿಗೆ ಹೋಗಲು ಇರುವುದು 30 ದಿನ. ಸರಿಯಾದ ಕಾರಣ ಇದ್ದರೆ ಇನ್ನು 60 ದಿನ, ಅದು ದಾಟಿದರೆ ಇಲ್ಲ. ನಮ್ಮ ಭಾಗಕ್ಕೆ ಚೆನ್ನೈ ಪೀಠ. ವಕೀಲರ ಹತ್ತಿರ ಈಗಲೇ ಮಾತಾಡಿ ಇಟ್ಟಿದ್ದೇವೆ. ನಮ್ಮ ಜಿಲ್ಲೆಯದೇ ಅಘನಾಶಿನಿ ಅಳಿವೆಯ ಬದಿಯ ತದಡಿಗೆ ಉಷ್ಣ ವಿದ್ಯುತ್ ಸ್ಥಾವರ ಬರುತ್ತದೆ ಅಂದಾಗ ಅಲ್ಲಿನ ಜನ ಬಿಡದೆ ನಿಂತರು, ಅದು ಬರಲಿಲ್ಲ. ಅದೇ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿಯೂ ಬಳಚು ಹೆಕ್ಕುತ್ತಾರೆ. ಅವ್ವಿ ಆಗಾಗ ಅದನ್ನು ನೆನಪು ಮಾಡುತ್ತಾರೆ.

ಲಕೋಟೆ ಬಂದ ಸಂಜೆ ಮಾಮ ಬಂದಿದ್ದರು. ಕನ್ನಡಕ ಹಾಕಿಕೊಂಡು ನಕ್ಷೆಯನ್ನು ತುಂಬಾ ಹೊತ್ತು ನೋಡಿದರು. ಕಲ್ಲಿನ ಚೌಕದ ಮೇಲೆ ಬೆರಳಿಟ್ಟು, ‘ಈ ಗೆರೆ ಇನ್ನೊಂದಿಷ್ಟು ತೆಂಕಕ್ಕೆ ಬರಬೇಕಿತ್ತು ತಂಗೀ, ಜೆರಾಕ್ಸಿನಲ್ಲಿ ಹೋಗಿದೆಯಾ, ನೀನು ಹಾಕಿದ್ದೇ ಹಾಗಾ?’ ಅಂತ ಕೇಳಿದರು. ನೋಟ್‌ಬುಕ್ ತೆಗೆದು ನೋಡಿದೆ. ನಾನು ಹಾಕಿದ್ದೇ ಹಾಗೆ. ಫೋನ್ ಬಿದ್ದ ದಿನದ ಲೆಕ್ಕ ಅದು. ನಾಳೆ ಬೆಳಿಗ್ಗೆ ಇಳಿತ ಆರು ಗಂಟೆಗೆ. ಇಬ್ಬರೂ ಹೋಗಿ ಮತ್ತೆ ಅಳೆದು, ತಿದ್ದಿದ ಪ್ರತಿಯನ್ನು ಸೋಮವಾರ ಕಳಿಸುತ್ತೇವೆ.